ಒಹಾಯೋದಲ್ಲಿ ಇಂಗ್ಲಿಷ್ ಬಿಟರ್: ಸಿಗದ ಸಾಮಾನಿಗೆ ಬದಲಿ ಏನು ಹಾಕಲಿ?

ಒಹಾಯೋ_ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಸಲಹೆ ಕೊಡಿ.

ಆರು ವರ್ಷ ಶೆಫೀಲ್ಡ್‌ನಲ್ಲಿದ್ದೆ. ಈಗ ಎರಡು ವರ್ಷದಿಂದ ಅಮೆರಿಕದ ಒಹಾಯೋದಲ್ಲಿ ಒಂದು ಚಿಕ್ಕ ಊರಿನಲ್ಲಿದ್ದೇನೆ. ಶೆಫೀಲ್ಡ್‌ನಲ್ಲಿ ನಮ್ಮ ಬೀದಿಯ ಮೂಲೆಯಲ್ಲೇ ಒಂದು ಪಬ್ ಇತ್ತು. ಸಂಜೆ ಒಂದು ಪೈಂಟ್ ಬಿಟರ್, ಅಂದರೆ ಇಂಗ್ಲೆಂಡಿನ ಕಹಿ ಬಿಯರ್, ಹಿಡಿದು ಕೂತರೆ ಮಾತಿನಲ್ಲಿ ಒಂದು ಗಂಟೆ ಹೋಗುತ್ತಿತ್ತು. ತಾಮ್ರದ ಬಣ್ಣ. ತೀರಾ ತಣ್ಣಗೂ ಇಲ್ಲ, ಗ್ಯಾಸೂ ಜಾಸ್ತಿ ಇಲ್ಲ. ಮೊದಲು ಬಿಸ್ಕತ್ತಿನ ಥರದ ಸಿಹಿ, ಕೊನೆಗೆ ನಾಲಿಗೆ ಮೇಲೆ ಹದವಾದ ಕಹಿ. ಆಲ್ಕೋಹಾಲ್ ಶೇ. 4ರ ಆಸುಪಾಸು. ಇಲ್ಲಿ ನಮ್ಮ ಸುತ್ತಮುತ್ತ ಅದು ಎಲ್ಲೂ ಸಿಗುತ್ತಿಲ್ಲ. ಬಾಟಲಿಯಲ್ಲಿ ಬರುವುದು ಅಂಗಡಿ ಸೇರುವಷ್ಟರಲ್ಲಿ ಹಳಸಲಾಗಿರುತ್ತದೆ. ಅದಕ್ಕೇ ಮನೆಯಲ್ಲೇ ಮಾಡಲು ಶುರು ಮಾಡಿದೆ. ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು.

ಮೊದಲ ಸಲ ಶೆಫೀಲ್ಡ್‌ನ ಗೆಳೆಯರೊಬ್ಬರು ಬರೆದುಕೊಟ್ಟ ಹಳೇ ಚೀಟಿ ನೋಡಿ ಮಾಡಿದೆ. 5 ಗ್ಯಾಲನ್‌ಗೆ ಇಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅಂತ ಅದರಲ್ಲಿದೆ. ಓಜಿ (ಹುದುಗುವ ಮೊದಲಿನ ಸಾಂದ್ರತೆ) 1.043 ಬರಬೇಕಿತ್ತು, 1.052 ಬಂತು. ಗೋಲ್ಡಿಂಗ್ಸ್ ಹಾಪ್ಸ್ (ಬಿಯರಿಗೆ ಕಹಿ, ವಾಸನೆ ಕೊಡುವ ಹೂವು) ಇಲ್ಲ ಅಂತ ಅಂಗಡಿಯವರು ಕ್ಯಾಸ್ಕೇಡ್ ಕೊಟ್ಟರು. ಕುಡಿದರೆ ಬರೀ ಚಕ್ಕೋತ ಹಣ್ಣಿನ ವಾಸನೆ.

ಎರಡನೇ ಸಲ ಇನ್ನೂ ಬೇಸರ. ಗಾಯಕ್ಕೆ ಹಚ್ಚಿದ ಪ್ಲಾಸ್ಟರ್ ಬಿಚ್ಚಿದಾಗ ಬರುತ್ತಲ್ಲ, ಆ ವಾಸನೆ. ಒಂದು ತಿಂಗಳು ಇಟ್ಟು ನೋಡಿದೆ, ಹೋಗಲಿಲ್ಲ. 19 ಲೀಟರ್ ಚರಂಡಿಗೆ ಸುರಿದೆ.

ನಮ್ಮೂರ ಅಂಗಡಿಯಲ್ಲಿ ಮಾರಿಸ್ ಆಟರ್ ಮಾಲ್ಟ್ ಇಲ್ಲ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಇಲ್ಲ. ಇನ್ವರ್ಟ್ ಸಕ್ಕರೆ ಅಂದರೆ ಏನು ಅಂತ ಅವರೇ ನನ್ನನ್ನು ಕೇಳಿದರು. ಆನ್‌ಲೈನ್‌ನಲ್ಲಿ ತರಿಸಿದರೆ ಮಾಲ್ಟಿಗಿಂತ ಸಾಗಣೆಗೇ ಜಾಸ್ತಿ. ಬದಲಿಗೆ ಏನು ಹಾಕಬಹುದು? ಆ ಪ್ಲಾಸ್ಟರ್ ವಾಸನೆ ಎಲ್ಲಿಂದ ಬಂತು?

ಡರ್ಬಿ_ದಾವಣಗೆರೆ

ಬಿಯರಿಗೆ ಹೆಸರಾದ ಬರ್ಟನ್‌ನಿಂದ ಅರ್ಧ ಗಂಟೆ ದೂರದಲ್ಲಿ ಕೂತು ಹೇಳುತ್ತಿದ್ದೇನೆ. ಮಾರಿಸ್ ಆಟರ್ ಇಲ್ಲ, ಗೋಲ್ಡಿಂಗ್ಸ್ ಇಲ್ಲ ಅಂದರೆ ಅದು ಬಿಟರ್ ಆಗುವುದಿಲ್ಲ. ಬೇರೆ ಏನೋ ಒಳ್ಳೆಯ ಬಿಯರ್ ಆಗಬಹುದು. ಸಾಗಣೆ ದುಡ್ಡು ಕೊಟ್ಟು ಒಂದು ಮೂಟೆ ತರಿಸಿ. 25 ಕೆ.ಜಿ. ಇದ್ದರೆ ಏಳೆಂಟು ಸಲಕ್ಕೆ ಆಗುತ್ತದೆ.

ಪೋರ್ಟ್‌ಲ್ಯಾಂಡ್_ಗುರು

ಇದನ್ನು ಒಪ್ಪಲ್ಲ ಸರ್. ಮಾರಿಸ್ ಆಟರ್ ಬಂದದ್ದೇ 1960ರ ದಶಕದ ಮಧ್ಯದಲ್ಲಿ. ಕೇಂಬ್ರಿಜ್ ಹತ್ತಿರ ಟ್ರಂಪಿಂಗ್ಟನ್‌ನಲ್ಲಿ ಸಸ್ಯ ತಳಿ ಸಂಸ್ಥೆ ಇತ್ತಲ್ಲ, ಅದು ಇದ್ದದ್ದು ಮಾರಿಸ್ ಲೇನ್‌ನಲ್ಲಿ. ಆ ಹೆಸರನ್ನೇ ಬಾರ್ಲಿಗೆ ಇಟ್ಟರು. ಇಂಗ್ಲೆಂಡಿನವರು ಚಿಪ್ಸ್ ಮಾಡುವ ಮಾರಿಸ್ ಪೈಪರ್ ಆಲೂಗಡ್ಡೆಯೂ ಅಲ್ಲಿಯದೇ. ಹಾಗಾದರೆ ಅದಕ್ಕೂ ಹಿಂದೆ ನೂರು ವರ್ಷ ಬರ್ಟನ್‌ನವರು ಮಾಡಿದ್ದು ಬಿಟರ್ ಅಲ್ವಾ?

19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬ್ರೂವರಿಗಳು ಕ್ಯಾಲಿಫೋರ್ನಿಯಾದಿಂದ ಬಾರ್ಲಿ ತರಿಸುತ್ತಿದ್ದವು. ಟರ್ಕಿಯ ಸ್ಮಿರ್ನಾದಿಂದಲೂ ತರಿಸುತ್ತಿದ್ದವು. ಅಮೆರಿಕದ ಹಾಪ್ಸ್ ಅಂತೂ ಹಡಗುಗಟ್ಟಲೆ ಹೋಗುತ್ತಿತ್ತು. ಊರಲ್ಲಿ ಸಿಗದ್ದನ್ನು ಬೇರೆ ಕಡೆಯಿಂದ ತಂದು ಹೊಂದಿಸಿಕೊಳ್ಳುವುದೇ ಅವರ ಪದ್ಧತಿಯಾಗಿತ್ತು. ಒಂದು ಸಾಮಾನು ಬಿಯರಿನಲ್ಲಿ ಏನು ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ, ಆ ಕೆಲಸ ಮಾಡುವ ಇನ್ನೊಂದನ್ನು ಹುಡುಕಬಹುದು.

ಉಡುಪಿ_ಲ್ಯಾಬ್

ಮಾಲ್ಟ್ ಜಗಳ ಆಮೇಲೆ ಇಟ್ಟುಕೊಳ್ಳೋಣ. ಮೊದಲು ಆ ವಾಸನೆ ವಿಷಯ ಮುಗಿಸಬೇಕು. ಅದು ಹೋಗದಿದ್ದರೆ ಕೆಂಟ್‌ನಿಂದ ಹಾಪ್ಸ್ ತರಿಸಿದರೂ ವ್ಯರ್ಥ.

ಒಹಾಯೋ ಅವರೇ, ಮೂರು ಪ್ರಶ್ನೆ. ನಲ್ಲಿ ನೀರು ನೇರ ಬಳಸಿದಿರಾ? ಬಕೆಟ್ ತೊಳೆಯಲು ಬ್ಲೀಚ್ ಹಾಕಿದಿರಾ? ಬಾಟಲಿಗೆ ತುಂಬುವ ಮೊದಲೇ ವಾಸನೆ ಇತ್ತಾ, ಆಮೇಲೆ ಬಂತಾ?

ಒಹಾಯೋ_ಹಾಸನ

ನಲ್ಲಿ ನೀರು ನೇರ. ಬ್ಲೀಚ್ ಇಲ್ಲ, ತೊಳೆಯದೆ ಬಳಸುವ ಆ್ಯಸಿಡ್ ದ್ರಾವಣ ಹಾಕಿದ್ದೆ. ಮೊದಲ ವಾರ ಸಾಂದ್ರತೆ ಅಳೆಯಲು ಹೈಡ್ರೋಮೀಟರ್‌ಗೆ ತೆಗೆದಾಗಲೇ ವಾಸನೆ ಬಂತು. ಮೊದಲ ಸಲದ ಬಿಯರ್‌ನಲ್ಲಿ ಇರಲಿಲ್ಲ. ಆಗ ಅಂಗಡಿಯ ಬಾಟಲಿ ನೀರು ಬಳಸಿದ್ದೆ.

ಉಡುಪಿ_ಲ್ಯಾಬ್

ಹಾಗಾದರೆ ನೀರೇ. ನಿಮ್ಮ ಊರಿನ ನೀರಿನ ವರದಿ ತೆಗೆದು ನೋಡಿ, ನೀರು ಶುದ್ಧ ಮಾಡಲು ಹಾಕುವ ಕ್ಲೋರಮೈನ್ ಅಂತ ಇರುತ್ತದೆ. ಕ್ಲೋರೀನ್ ಆದರೆ ಒಂದು ರಾತ್ರಿ ತೆರೆದಿಟ್ಟರೆ ಅಥವಾ ಕುದಿಸಿದರೆ ಹೋಗುತ್ತದೆ. ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದು ಮಾಲ್ಟಿನಲ್ಲೂ ಯೀಸ್ಟಿನಿಂದಲೂ ಬರುವ ಫಿನಾಲ್ ಜೊತೆ ಸೇರಿ ಕ್ಲೋರೊಫಿನಾಲ್ ಆಗುತ್ತದೆ. ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಎಷ್ಟು ತಿಂಗಳು ಇಟ್ಟರೂ ಕಡಿಮೆ ಆಗುವುದಿಲ್ಲ.

ಪರಿಹಾರ ಬಹಳ ಅಗ್ಗ. ಕ್ಯಾಂಪ್ಡನ್ ಮಾತ್ರೆ ಅಂತ ಸಿಗುತ್ತದೆ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ವೈನ್ ಮಾಡುವವರೂ ಬಳಸುತ್ತಾರೆ. ಒಂದು ಮಾತ್ರೆ ಸುಮಾರು 75 ಲೀಟರಿಗೆ ಸಾಕು. ನಿಮಗೆ ಎಲ್ಲ ಸೇರಿ 28 ಲೀಟರ್ ನೀರು ಬೇಕಾಗಬಹುದು, ಅರ್ಧ ಮಾತ್ರೆ ಪುಡಿ ಮಾಡಿ ಕಲಕಿ. ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮ್ಯಾಶ್ ಮಾಡುವ, ಅಂದರೆ ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸುವ, ಮೊದಲೇ ಹಾಕಬೇಕು, ಆಮೇಲೆ ಅಲ್ಲ.

ಕಾಡು ಯೀಸ್ಟ್ ಸೇರಿಕೊಂಡರೂ ಸ್ವಲ್ಪ ಇಂಥದ್ದೇ ವಾಸನೆ ಬರುತ್ತದೆ. ಆದರೆ ಅದು ದಿನ ಕಳೆದಂತೆ ಏರುತ್ತಾ ಹೋಗುತ್ತದೆ, ಬಾಟಲಿಯಲ್ಲಿ ಗ್ಯಾಸೂ ಏರುತ್ತದೆ. ನಿಮ್ಮದು ಹಾಗಿಲ್ಲ.

ಧಾರವಾಡ_ಪೇಡ

ಗ್ಯಾಲನ್ ಬಗ್ಗೆ ಯಾರೂ ಮಾತಾಡಲಿಲ್ಲಲ್ರೀ. ಚೀಟಿ ಇಂಗ್ಲೆಂಡಿನದು. ಅಲ್ಲಿನ ಗ್ಯಾಲನ್ 4.546 ಲೀಟರ್. ಅಮೆರಿಕದ್ದು 3.785. ಐದು ಗ್ಯಾಲನ್ ಅಂದರೆ ಅಲ್ಲಿ 22.7 ಲೀಟರ್, ಇಲ್ಲಿ 18.9. ಅದೇ ಮಾಲ್ಟು, ನೀರು ಕಡಿಮೆ. 43ನ್ನು 1.2ರಿಂದ ಗುಣಿಸಿದರೆ 51.6 ಬರುತ್ತದೆ. ನಿಮ್ಮ 1.052 ಅಲ್ಲೇ ಇದೆ ನೋಡ್ರಿ.

ಪೈಂಟೂ ಹಾಗೇ. ಅಲ್ಲಿ 568 ಮಿ.ಲೀ., ಇಲ್ಲಿ 473.

ಒಹಾಯೋ_ಹಾಸನ

ಅಯ್ಯೋ, ಇದು ತಲೆಗೇ ಹೊಳೆದಿರಲಿಲ್ಲ. ಬಹಳ ಧನ್ಯವಾದ ರೀ. ನೀರಿನ ವರದಿಯನ್ನೂ ಈಗ ತೆಗೆದು ನೋಡಿದೆ. ಕ್ಲೋರಮೈನ್ ಅಂತಲೇ ಇದೆ. ಲೀಟರಿಗೆ ಮಿ.ಗ್ರಾಂ. ಲೆಕ್ಕದಲ್ಲಿ ಕ್ಯಾಲ್ಸಿಯಂ 34, ಸಲ್ಫೇಟ್ 40, ಕ್ಲೋರೈಡ್ 30.

ಡರ್ಬಿ_ದಾವಣಗೆರೆ

ಸಲ್ಫೇಟ್ 40 ಸಾಲದು. ಬರ್ಟನ್ ಬಿಯರಿಗೆ ಹೆಸರು ಬಂದದ್ದೇ ನೀರಿನಿಂದ. ಅಲ್ಲಿನ ಬಾವಿ ನೀರು ಜಿಪ್ಸಮ್ ಪದರದ ಮೂಲಕ ಬರುತ್ತದೆ. ಸಲ್ಫೇಟ್ 600 ದಾಟುತ್ತದೆ. ಹಾಪ್ಸಿನ ಕಹಿ ಗರಿಗರಿಯಾಗಿ ನಿಲ್ಲುವುದು ಅದರಿಂದ. ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಮ್ ಹಾಕಿಕೊಳ್ಳುವುದಕ್ಕೆ ಇವತ್ತಿಗೂ ಬರ್ಟನೈಸ್ ಅಂತಲೇ ಹೆಸರು. ಮಾಲ್ಟಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ನೀರನ್ನು ಎಲ್ಲಿ ಬೇಕಾದರೂ ಹದ ಮಾಡಿಕೊಳ್ಳಬಹುದು.

ಉಡುಪಿ_ಲ್ಯಾಬ್

ಸರಿ, ಆದರೆ 600ಕ್ಕೆ ಹೋಗಬೇಡಿ. ಮನೆಯಲ್ಲಿ ಅಷ್ಟು ಹಾಕಿದರೆ ಬಿಯರ್ ಒಣಒಣ ಅನ್ನಿಸುತ್ತದೆ. 28 ಲೀಟರಿಗೆ 5 ಗ್ರಾಂ ಜಿಪ್ಸಮ್ ಹಾಕಿದರೆ ಸಲ್ಫೇಟ್ ಸುಮಾರು 100, ಕ್ಯಾಲ್ಸಿಯಂ ಸುಮಾರು 40 ಏರುತ್ತದೆ. ನಿಮ್ಮ ನೀರಿನ ಲೆಕ್ಕ ಸೇರಿಸಿದರೆ 140 ಮತ್ತು 75. ಬಿಟರಿಗೆ ಇದು ಸಾಕು. ತಿನ್ನಲು ಯೋಗ್ಯವಾದ ಜಿಪ್ಸಮ್ ತಗೊಳ್ಳಿ. ಟೋಫು ಮಾಡುವವರು ಬಳಸುತ್ತಾರಲ್ಲ, ಅದೇ. ಗೋಡೆಗೆ ಹಚ್ಚುವುದಲ್ಲ.

ಜಯನಗರ_4ನೇ_ಬ್ಲಾಕ್

ಇದನ್ನೆಲ್ಲ ಓದಿ ನನಗೂ ಮಾಡುವ ಆಸೆ ಆಗುತ್ತಿದೆ. ಬೆಂಗಳೂರಿನಲ್ಲಿ ಮನೆಯಲ್ಲಿ ಮಾಡಬಹುದಾ?

ಧಾರವಾಡ_ಪೇಡ

ಬೇಡ್ರಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಅದರಲ್ಲೇ ಬರುತ್ತದೆ. ನಿಮ್ಮೂರಲ್ಲಿ ಬೇಕಾದಷ್ಟು ಮೈಕ್ರೋಬ್ರೂವರಿ ಇವೆ. ಅಲ್ಲಿ ಹೋಗಿ, ಬ್ರೂವರ್ ಬಿಡುವಾಗಿದ್ದರೆ ಮಾತಾಡಿಸಿ. ಖುಷಿಯಿಂದ ತೋರಿಸುತ್ತಾರೆ.

ಇಂಗ್ಲೆಂಡಿನಲ್ಲೂ 1963ರವರೆಗೆ ಮನೆಯಲ್ಲಿ ಮಾಡಲು ಲೈಸೆನ್ಸ್ ಬೇಕಿತ್ತು. ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಮೇಲೆ ಕೇಂದ್ರದ ಕಾನೂನಿನ ಅಡ್ಡಿ ಹೋಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ಮಾರುವ ಹಾಗಿಲ್ಲ. ಅಲಬಾಮ, ಮಿಸಿಸಿಪ್ಪಿ ಒಪ್ಪಿಕೊಂಡದ್ದು 2013ರಲ್ಲಿ.

ಜಯನಗರ_4ನೇ_ಬ್ಲಾಕ್

ಸರಿ ಸರ್, ಹಾಗಾದರೆ ಓದಿಕೊಂಡು ಇರುತ್ತೇನೆ. ಇಂಡಿಯಾ ಪೇಲ್ ಏಲ್ ಅಂತ ಇದೆಯಲ್ಲ, ಹಡಗಿನಲ್ಲಿ ಇಲ್ಲಿಗೆ ಬರುವಾಗ ಬಿಯರ್ ಕೆಡಬಾರದು ಅಂತಲೇ ಅದನ್ನು ಕಂಡುಹಿಡಿದರಂತೆ?

ಪೋರ್ಟ್‌ಲ್ಯಾಂಡ್_ಗುರು

ಎಲ್ಲರೂ ಹೇಳುವ ಕಥೆ ಅದು, ಪೂರ್ತಿ ನಿಜ ಅಲ್ಲ. ಪೇಲ್ ಏಲ್, ಅಂದರೆ ತಿಳಿ ಬಣ್ಣದ ಬಿಯರ್, ಮೊದಲೇ ಇತ್ತು. ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಇಂಡಿಯಾಕ್ಕೆ ಧಾರಾಳವಾಗಿ ಬರುತ್ತಿತ್ತು, ಕೆಡದೆಯೇ ಬರುತ್ತಿತ್ತು. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಅವರ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಧಕ್ಕೆಗೆ ಅದು ಹತ್ತಿರ. ಹಾಗಾಗಿ ಅವರ ಬಿಯರ್ ಜಾಸ್ತಿ ಬಂತು. 1820ರ ದಶಕದಲ್ಲಿ ಬರ್ಟನ್‌ನ ಆಲ್‌ಸಾಪ್ ಬಂದರು. ಬರ್ಟನ್ ನೀರು ಆ ಬಿಯರಿಗೆ ಇನ್ನೂ ಚೆನ್ನಾಗಿ ಹೊಂದಿತು.

ಓದುಗ_ಮಾತ್ರ

ನಮ್ಮ ಯುಬಿ (ಯುನೈಟೆಡ್ ಬ್ರೂವರೀಸ್) ಕೂಡ ಹಾಗೇ ಶುರುವಾದದ್ದು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ ಐದು ಬ್ರೂವರಿ ಒಟ್ಟು ಮಾಡಿದರು. ಆಗಿನ ದೊಡ್ಡ ಗಿರಾಕಿ ಬ್ರಿಟಿಷ್ ಸೈನಿಕರು.

ಸಾಗರ_ಸೊಸೆ

ನಾನು ಬಿಯರ್ ಕುಡಿಯುವುದಿಲ್ಲ, ಮನೆಯವರು ಮಾಡುತ್ತಾರೆ. ಅಡುಗೆ ಕಡೆಯಿಂದ ಒಂದು ಮಾತು. ಆ ಇನ್ವರ್ಟ್ ಸಕ್ಕರೆ ಅಂದರೆ ಏನು?

ಪೋರ್ಟ್‌ಲ್ಯಾಂಡ್_ಗುರು

ಸಕ್ಕರೆಯನ್ನು ಆ್ಯಸಿಡ್ ಹಾಕಿ ಕಾಯಿಸಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವುದು ಅಕ್ಕ. ಇಂಗ್ಲಿಷ್ ಬ್ರೂವರಿಗಳು ನಂಬರ್ 1, 2, 3 ಅಂತ ಬಣ್ಣದ ಲೆಕ್ಕದಲ್ಲಿ ಕೊಳ್ಳುತ್ತವೆ. ನಂಬರ್ ಏರಿದಂತೆ ಕಪ್ಪು. ಬಿಟರಿಗೆ 1 ಅಥವಾ 2.

ಸಾಗರ_ಸೊಸೆ

ಅಯ್ಯೋ, ಇದು ಜಾಮೂನಿನ ಪಾಕ ಅಲ್ವಾ! ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಯಾಕೆ ಹಿಂಡುತ್ತೇವೆ? ಮಾರನೇ ದಿನ ಸಕ್ಕರೆ ಕಟ್ಟಬಾರದು ಅಂತ. ಕಟ್ಟದೇ ಇರುವುದು ಯಾಕೆ ಅಂದರೆ ಸಕ್ಕರೆ ಒಡೆದಿರುತ್ತದೆ. ನಮ್ಮತ್ತೆ ಇದನ್ನು ದಿನಾ ಮಾಡುತ್ತಿದ್ದರು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಹಾಗಾದರೆ ಹೀಗೆ ಮಾಡಿ. ದಪ್ಪ ತಳದ ಪಾತ್ರೆಗೆ ಅರ್ಧ ಕೆ.ಜಿ. ಕಂದು ಬಣ್ಣದ ಕಬ್ಬಿನ ಸಕ್ಕರೆ ಹಾಕಿ, ಮುಳುಗುವಷ್ಟು ನೀರು, ಒಂದು ಚಮಚ ನಿಂಬೆರಸ. ಸಣ್ಣ ಉರಿ. ಮೊದಲು ದೊಡ್ಡ ಗುಳ್ಳೆ ಬರುತ್ತದೆ. ಆಮೇಲೆ ಗುಳ್ಳೆ ಚಿಕ್ಕದಾಗಿ, ಒತ್ತೊತ್ತಾಗಿ, ಸದ್ದೂ ಬದಲಾಗುತ್ತದೆ. ಒಂದೆಳೆ ಪಾಕ ದಾಟಲಿ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿದರೆ ಮೆತ್ತನೆ ಉಂಡೆ ಆಗಬೇಕು. ಅದೇ ಉಂಡೆ ಪಾಕ. ಥರ್ಮಾಮೀಟರ್ ಇದ್ದರೆ ಎಷ್ಟು ತೋರಿಸುತ್ತದೆ?

ಪೋರ್ಟ್‌ಲ್ಯಾಂಡ್_ಗುರು

112ರಿಂದ 116 ಡಿಗ್ರಿ ಅಕ್ಕ. ಬ್ರೂವರ್‌ಗಳು ಹೇಳುವುದೂ ಸುಮಾರು 115 ಡಿಗ್ರಿ! ಅಲ್ಲೇ ಹಿಡಿದಿಟ್ಟುಕೊಂಡರೆ ಬಣ್ಣ ಏರುತ್ತಾ ಹೋಗುತ್ತದೆ. ಜೇನಿನ ಬಣ್ಣಕ್ಕೆ ಇಳಿಸಿದರೆ ನಂಬರ್ 1, ಇನ್ನೂ ಕೆಂಪಾದರೆ 2. ನೀರು ಆರಿದಂತೆ ಶಾಖ ಏರುತ್ತದೆ, ಆಗಾಗ ಒಂದು ಚಮಚ ನೀರು ಹಾಕುತ್ತಿರಬೇಕು.

ಸಾಗರ_ಸೊಸೆ

ನೀರು ಹಾಕುವಾಗ ಕೈ ದೂರ ಇರಲಿ. ಪಾಕ ಸಿಡಿದರೆ ಬೊಬ್ಬೆ ಏಳುತ್ತದೆ.

ಡರ್ಬಿ_ದಾವಣಗೆರೆ

ಇಷ್ಟೆಲ್ಲ ಯಾಕೆ? ಇಲ್ಲಿ ಗೋಲ್ಡನ್ ಸಿರಪ್ ಡಬ್ಬಿ ಸಿಗುತ್ತದೆ, ಅದು ಅರ್ಧ ಇನ್ವರ್ಟ್ ಆದದ್ದೇ. ಅಮೆರಿಕದ ದೊಡ್ಡ ಅಂಗಡಿಗಳಲ್ಲೂ ಇರುತ್ತದೆ. ನಿಜ ಹೇಳಬೇಕೆಂದರೆ ನನಗೆ ಸಕ್ಕರೆ ಹಾಕುವುದೇ ಇಷ್ಟ ಇಲ್ಲ. ಮಾಲ್ಟ್ ಉಳಿಸಲು ಮಾಡುವ ಕೆಲಸ ಅದು.

ಪೋರ್ಟ್‌ಲ್ಯಾಂಡ್_ಗುರು

ಇಲ್ಲ ಸರ್. ಬ್ರಿಟನ್ನಿನಲ್ಲಿ 1847ರಲ್ಲೇ ಬಿಯರಿಗೆ ಸಕ್ಕರೆ ಹಾಕಲು ಅನುಮತಿ ಸಿಕ್ಕಿತು. 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟ್ ಮೇಲಿನ ತೆರಿಗೆ ತೆಗೆದು ಬಿಯರಿನ ಮೇಲೆ ಹಾಕಿದ ಮೇಲೆ ಅದು ಇನ್ನೂ ಹೆಚ್ಚಿತು. ಸಕ್ಕರೆ ಪೂರ್ತಿ ಹುದುಗಿ ಹೋಗುತ್ತದೆ, ಹಾಗಾಗಿ ಬಿಯರ್ ಹಗುರವಾಗುತ್ತದೆ. ಎರಡನೇ ಪೈಂಟೂ ಇಳಿಯುವುದು ಅದರಿಂದಲೇ. ಬರೀ ಮಾಲ್ಟ್ ಹಾಕಿದರೆ ಹೊಟ್ಟೆ ತುಂಬಿಬಿಡುತ್ತದೆ.

ಮಂಡ್ಯ_ಆಲೆಮನೆ

ಸಕ್ಕರೆ ಅಂತ ಇಷ್ಟು ಮಾತಾಡುತ್ತಿದ್ದೀರಿ, ಬೆಲ್ಲ ಯಾಕೆ ಹಾಕಬಾರದು? ಅಮೆರಿಕದ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ ತಾನೆ?

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಆಲೆಮನೆ ಇದೆ. ಬೆಲ್ಲದಲ್ಲಿ ಇನ್ವರ್ಟ್ ತಾನಾಗಿಯೇ ಸ್ವಲ್ಪ ಇರುತ್ತದೆ. ಕಬ್ಬಿನ ಹಾಲು ಹುಳಿ ಹಿಡಿದಷ್ಟೂ, ಕೊಪ್ಪರಿಗೆಯಲ್ಲಿ ಜಾಸ್ತಿ ಹೊತ್ತು ಕುದಿದಷ್ಟೂ ಅದು ಏರುತ್ತದೆ. ಏರಿದರೆ ಅಚ್ಚು ಕಟ್ಟುವುದಿಲ್ಲ, ಅಂಟಂಟಾಗುತ್ತದೆ. ನಮಗೆ ಅದು ತಲೆನೋವು. ನಿಮಗೆ ಅದೇ ಬೇಕಾಗಿದೆ ನೋಡಿ.

ಒಂದು ಎಚ್ಚರಿಕೆ. ಥಳಥಳ ಹೊಳೆಯುವ ಹಳದಿ ಬೆಲ್ಲ ತಗೊಳ್ಳಬೇಡಿ. ಆ ಬಣ್ಣಕ್ಕೆ ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕಿರುತ್ತಾರೆ. ಕಡು ಕಂದು ಬಣ್ಣದ್ದು ತಗೊಳ್ಳಿ. ಒಳ್ಳೆ ಬೆಲ್ಲ ಮಾಡುವವರು ಕೊಳೆ ಎತ್ತಲು ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕೊಪ್ಪರಿಗೆ ಮೇಲೆ ಕಪ್ಪು ನೊರೆ ದಪ್ಪಗೆ ಕಟ್ಟುತ್ತದೆ, ಜರಡಿ ಸೌಟಿನಲ್ಲಿ ಎತ್ತಿ ಎತ್ತಿ ಹಾಕಬೇಕು. ಆದರೂ ಸ್ವಲ್ಪ ಕಸ ಉಳಿದಿರುತ್ತದೆ. ಬಿಸಿ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿಯೇ ಹಾಕಿ.

ಸಾಗರ_ಸೊಸೆ

ನಮ್ಮ ಕಡೆ ಜೋನಿ ಬೆಲ್ಲ ಇದೆಯಲ್ಲ, ಅದು ಅಚ್ಚು ಕಟ್ಟದ್ದೇ. ದೋಸೆಗೆ ಸುರಿದುಕೊಳ್ಳುವ ಹಾಗಿರುತ್ತದೆ. ಅದು ಸಿಕ್ಕರೆ ಇನ್ನೂ ಒಳ್ಳೆಯದು.

ಡರ್ಬಿ_ದಾವಣಗೆರೆ

ಬೆಲ್ಲ ಹಾಕಿದರೆ ಬೆಲ್ಲದ ರುಚಿ ಬರುತ್ತದೆ. ಅದರಲ್ಲಿ ಉಪ್ಪಿನಂಶವೂ ಇದೆ. ಪಾಯಸ ಕುಡಿದ ಹಾಗಾದರೆ?

ಉಡುಪಿ_ಲ್ಯಾಬ್

ಸಿಹಿ ಉಳಿಯುವುದಿಲ್ಲ. ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಕಾಕಂಬಿಯ ಥರದ ಒಂದು ಎಳೆ ವಾಸನೆ, ಸ್ವಲ್ಪ ಖನಿಜದ ರುಚಿ. ನಂಬರ್ 2, 3 ಇನ್ವರ್ಟ್‌ನಿಂದ ಬರುವುದೂ ಸುಮಾರು ಅದೇ ದಿಕ್ಕಿನ ರುಚಿ. ಒಟ್ಟು ಕಾಳಿನ ಲೆಕ್ಕದಲ್ಲಿ ಶೇ. 10 ದಾಟದಿದ್ದರೆ ತೊಂದರೆ ಇಲ್ಲ. 300 ಗ್ರಾಂ ಹಾಕಿ.

ಜಯನಗರ_4ನೇ_ಬ್ಲಾಕ್

ಬೆಲ್ಲ ಆಗುತ್ತದೆ ಅಂದರೆ ರಾಗಿ ಮಾಲ್ಟೂ ಹಾಕಬಹುದಾ? ಕ್ರಿಸ್ಟಲ್ ಮಾಲ್ಟ್ ಬದಲು?

ಪೋರ್ಟ್‌ಲ್ಯಾಂಡ್_ಗುರು

ಅದು ಬೇಡ. ಕ್ರಿಸ್ಟಲ್ ಮಾಲ್ಟ್ ಕೆಲಸ ಬೇರೆ. ಒದ್ದೆ ಮಾಲ್ಟನ್ನು ಹಾಗೇ ಬಿಸಿ ಮಾಡಿದಾಗ ಕಾಳಿನೊಳಗೇ ಸಕ್ಕರೆ ಆಗುತ್ತದೆ, ಆಮೇಲೆ ಹುರಿಯುತ್ತಾರೆ. ಅದರಿಂದ ಟಾಫಿ ರುಚಿ, ಬಣ್ಣ, ಮೈಕಟ್ಟು ಬರುತ್ತದೆ. ರಾಗಿಯಿಂದ ಇದು ಬರುವುದಿಲ್ಲ. ಬಾರ್ಲಿಗಿರುವಂಥ ಹೊಟ್ಟೂ ಇಲ್ಲ, ಜಾಸ್ತಿ ಹಾಕಿದರೆ ಸೋಸುವಾಗ ಅಂಟು ಕಟ್ಟುತ್ತದೆ. ರಾಗಿಯಲ್ಲಿ ಒಳ್ಳೆಯ ಬಿಯರ್ ಆಗುತ್ತದೆ, ಆಫ್ರಿಕಾದಲ್ಲಿ ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ. ಅದು ಅದೇ ಆಗಿರಲಿ, ಅದಕ್ಕೆ ಬಿಟರ್ ಹೆಸರು ಬೇಡ.

ಅವಲಕ್ಕಿ ಮಾತ್ರ ಧೈರ್ಯವಾಗಿ ಹಾಕಬಹುದು. ಇಂಗ್ಲಿಷ್ ಬ್ರೂವರಿಗಳು ಫ್ಲೇಕ್ಡ್ (ಒತ್ತಿ ಚಪ್ಪಟೆ ಮಾಡಿದ) ಮೆಕ್ಕೆಜೋಳ ಹಾಕುತ್ತವಲ್ಲ, ಅದು ಸಿಗದಿದ್ದರೆ. ಭತ್ತ ಬೇಯಿಸಿ ಕುಟ್ಟಿದ್ದು ಅವಲಕ್ಕಿ, ಪಿಷ್ಟ ಆಗಲೇ ಬಿಚ್ಚಿಕೊಂಡಿರುತ್ತದೆ. ಮತ್ತೆ ಬೇಯಿಸದೆ ನೇರ ಮ್ಯಾಶ್‌ಗೆ ಸೇರಿಸಬಹುದು.

ಒಹಾಯೋ_ಹಾಸನ

ಎಲ್ಲರ ಮಾತೂ ಬರೆದುಕೊಂಡೆ. ಮಾಲ್ಟ್, ಹಾಪ್ಸ್, ಯೀಸ್ಟ್ ಬಗ್ಗೆ ಯಾರಾದರೂ ಒಂದು ಕಡೆ ಹೇಳಿದರೆ ಈ ಶನಿವಾರವೇ ಮಾಡುತ್ತೇನೆ.

ಪೋರ್ಟ್‌ಲ್ಯಾಂಡ್_ಗುರು

19 ಲೀಟರಿಗೆ ನನ್ನ ಲೆಕ್ಕ ಇದು.

ಅಮೆರಿಕದ ಟೂ-ರೋ ಮಾಲ್ಟ್ 2.9 ಕೆ.ಜಿ. ಇದು ಸ್ವಲ್ಪ ಸಪ್ಪೆ. ಮಾರಿಸ್ ಆಟರ್‌ನ ಬಿಸ್ಕತ್ತಿನ ರುಚಿ ಬರಲು ವಿಕ್ಟರಿ ಅಥವಾ ಬಿಸ್ಕಿಟ್ ಮಾಲ್ಟ್ 200 ಗ್ರಾಂ ಸೇರಿಸಿ. ಅದೂ ಸಿಗದಿದ್ದರೆ ಅದೇ ಟೂ-ರೋ 200 ಗ್ರಾಂ ಅವನ್‌ನಲ್ಲಿ 175 ಡಿಗ್ರಿಗೆ 20 ನಿಮಿಷ ಹುರಿಯಿರಿ. ಮನೆಯೆಲ್ಲ ಘಮ ಅನ್ನುತ್ತದೆ. ಹುರಿದದ್ದನ್ನು ಒಂದು ವಾರ ಬಿಟ್ಟು ಬಳಸಿ, ಇಲ್ಲದಿದ್ದರೆ ಒರಟು ರುಚಿ. ಕ್ರಿಸ್ಟಲ್ 60 ಅಂತ ಇಲ್ಲಿ ಸಿಗುವುದು 225 ಗ್ರಾಂ. ಬೆಲ್ಲ ಅಥವಾ ಇನ್ವರ್ಟ್ 300 ಗ್ರಾಂ, ಕುದಿಸುವಾಗ ಕೊನೆಯ 15 ನಿಮಿಷಕ್ಕೆ. ತಳ ಹಿಡಿಯದಂತೆ ಉರಿ ಆರಿಸಿ ಕಲಕಿ.

ಮ್ಯಾಶ್ 67 ಡಿಗ್ರಿಯಲ್ಲಿ ಒಂದು ಗಂಟೆ. ಓಜಿ 1.044 ಬರಬೇಕು.

ಹಾಪ್ಸ್‌ಗೆ ವಿಲಾಮೆಟ್. ನಮ್ಮ ಒರೆಗಾನ್ ಹೊಲದ್ದು. ಇಂಗ್ಲೆಂಡಿನ ಫಗಲ್ ಹಾಪ್ಸಿನ ಮಗಳು ಅದು, 1976ರಲ್ಲಿ ಬೆಳೆಗಾರರಿಗೆ ಸಿಕ್ಕಿತು. ಉಜ್ಜಿ ಮೂಸಿದರೆ ಮಣ್ಣು, ಒಣ ಸೊಪ್ಪು, ಒಂದಿಷ್ಟು ಹೂವು. ಚಕ್ಕೋತದ ವಾಸನೆ ಇಲ್ಲ. 60 ನಿಮಿಷಕ್ಕೆ 40 ಗ್ರಾಂ, ಕೊನೆಯ 15 ನಿಮಿಷಕ್ಕೆ 25 ಗ್ರಾಂ, ಉರಿ ಆರಿಸಿದ ಮೇಲೆ 20 ಗ್ರಾಂ. ಆಲ್ಫಾ (ಹಾಪ್ಸಿನಲ್ಲಿ ಕಹಿ ಕೊಡುವ ಆ್ಯಸಿಡ್) ಶೇ. 5 ಅಂತ ಹಿಡಿದಿದ್ದೇನೆ, ಪೊಟ್ಟಣ ನೋಡಿ ಹೊಂದಿಸಿಕೊಳ್ಳಿ.

ಡರ್ಬಿ_ದಾವಣಗೆರೆ

ಕೊನೆಯ ಹಾಪ್ಸಿಗಾದರೂ ಸ್ಟಿರಿಯನ್ ಗೋಲ್ಡಿಂಗ್ಸ್ ಹಾಕಿ. ಸ್ಲೊವೇನಿಯಾದ್ದು. ಗೋಲ್ಡಿಂಗ್ಸ್ ಜಾತಿಗೆ ಹತ್ತಿರ ಆದರೂ ಆಗುತ್ತದೆ.

ಪೋರ್ಟ್‌ಲ್ಯಾಂಡ್_ಗುರು

ಹೆಸರಷ್ಟೇ ಗೋಲ್ಡಿಂಗ್ಸ್ ಸರ್, ತಳಿ ಫಗಲ್. ಅಲ್ಲಿಗೆ ಒಯ್ದು ನೆಟ್ಟಾಗ ಹೆಸರು ತಪ್ಪಾಗಿ ಅಂಟಿಕೊಂಡಿತು. ಆದರೆ ಹಾಪ್ಸ್ ಬಹಳ ಒಳ್ಳೆಯದು, ಯಾರ್ಕ್‌ಷೈರಿನ ಲ್ಯಾಂಡ್‌ಲಾರ್ಡ್ ಬಿಟರಿಗೆ ಅದನ್ನೇ ಹಾಕುತ್ತಾರೆ. ಇನ್ನೊಂದು ವಿಷಯ. ಅದರ ಮಾಲ್ಟ್ ಮಾರಿಸ್ ಆಟರ್ ಅಲ್ಲ, ಗೋಲ್ಡನ್ ಪ್ರಾಮಿಸ್.

ಡರ್ಬಿ_ದಾವಣಗೆರೆ

ಲ್ಯಾಂಡ್‌ಲಾರ್ಡ್ ನನಗೂ ಬಹಳ ಇಷ್ಟದ ಬಿಯರ್. ಆ ಮಾಲ್ಟ್ ವಿಷಯ ಈಗಲೇ ಗೊತ್ತಾದದ್ದು. ಸರಿ, ಮಾರಿಸ್ ಆಟರ್ ಇಲ್ಲದೆಯೂ ಆಗುತ್ತದೆ ಅಂತ ಒಪ್ಪಿಕೊಳ್ಳುತ್ತೇನೆ. ಯೀಸ್ಟ್ ಮಾತ್ರ ಇಂಗ್ಲಿಷ್ ಆಗಿರಲೇಬೇಕು. ಇಲ್ಲಿ ಬಿಡುವುದಿಲ್ಲ.

ಉಡುಪಿ_ಲ್ಯಾಬ್

ಈ ಮಾತು ನೂರಕ್ಕೆ ನೂರು ಸರಿ. ಬೇರೆ ಎಲ್ಲಕ್ಕೂ ಬದಲಿ ಇದೆ, ಯೀಸ್ಟಿಗೆ ಇಲ್ಲ. ಅಮೆರಿಕದ ಸಾಮಾನ್ಯ ಏಲ್ ಯೀಸ್ಟ್ ಬಹಳ ಸ್ವಚ್ಛ, ತನ್ನ ರುಚಿ ಏನೂ ಬಿಡುವುದಿಲ್ಲ. ಇಂಗ್ಲಿಷ್ ಯೀಸ್ಟ್ ಬಿಡುವ ಹಣ್ಣಿನ ವಾಸನೆಯೇ ಬಿಟರಿನ ಅರ್ಧ ಗುಣ. ಅದೃಷ್ಟಕ್ಕೆ ಒಣ ಯೀಸ್ಟ್ ಎಲ್ಲ ಕಡೆ ಸಿಗುತ್ತದೆ. ಎಸ್-04 ತಗೊಳ್ಳಿ. ಬೇಗ ತಳಕ್ಕೆ ಕೂರುತ್ತದೆ, ಬಿಯರ್ ತಿಳಿಯಾಗುತ್ತದೆ. ವಿಂಡ್ಸರ್ ಅಂತ ಇನ್ನೊಂದಿದೆ, ಅದು ಮಾಲ್ಟೋಟ್ರಯೋಸ್ ಎಂಬ ಸಕ್ಕರೆ ತಿನ್ನುವುದಿಲ್ಲ, ಸಿಹಿ ಉಳಿಯುತ್ತದೆ.

18–19 ಡಿಗ್ರಿ ದಾಟಲು ಬಿಡಬೇಡಿ. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ. ಬೇಸಿಗೆಯಲ್ಲಿ ಹಾಲಿನ ಪಾತ್ರೆ ಇಡುತ್ತಿದ್ದ ಹಾಗೆ. ಯೀಸ್ಟ್ ಹಾಕಿದ ಮೊದಲ ಮೂರು ದಿನ ಮುಖ್ಯ, ಆಗ ಅದೇ ಬಿಸಿ ಹುಟ್ಟಿಸುತ್ತದೆ.

ಓದುಗ_ಮಾತ್ರ

ಬಿಯರ್ ತಿಳಿ ಮಾಡಲು ಮೀನು ಹಾಕುತ್ತಾರೆ ಅಂತ ಕೇಳಿದ್ದೆ. ನಿಜವೇ? ನಾನು ಸಸ್ಯಾಹಾರಿ.

ಡರ್ಬಿ_ದಾವಣಗೆರೆ

ನಿಜ. ಐಸಿಂಗ್ಲಾಸ್. ಮೀನಿನ ಗಾಳಿಚೀಲದಿಂದ ಮಾಡುತ್ತಾರೆ. ಇಲ್ಲಿ ಕಾಸ್ಕ್ (ಪೀಪಾಯಿಯಲ್ಲೇ ಹದವಾಗುವ) ಬಿಯರಿಗೆ ತುಂಬಾ ಕಡೆ ಹಾಕುತ್ತಾರೆ. ಗಿನ್ನೆಸ್‌ನವರು ಕೆಲವು ವರ್ಷದ ಹಿಂದೆ ಬಿಟ್ಟರು. ನಮ್ಮತ್ತೆ ಮಾವ ಬಂದಾಗ ಪಬ್‌ನಲ್ಲಿ ನಾನು ಕೇಳಿಯೇ ತರಿಸುತ್ತೇನೆ. ಹಾಕದ ಬಿಯರ್ ಇದ್ದರೆ ಹೇಳುತ್ತಾರೆ.

ಉಡುಪಿ_ಲ್ಯಾಬ್

ಮನೆಯಲ್ಲಿ ಮಾಡುವವರಿಗೆ ಅದು ಬೇಕಾಗಿಲ್ಲ. ಐರಿಶ್ ಮಾಸ್ ಅಂತ ಕಡಲ ಪಾಚಿ ಇದೆ, ಕುದಿಯುವ ಕೊನೆಯ 15 ನಿಮಿಷಕ್ಕೆ ಒಂದು ಚಮಚ. ಜೆಲಟಿನ್ ಕೂಡ ಪ್ರಾಣಿಯದ್ದೇ, ನೋಡಿಕೊಳ್ಳಿ.

ಧಾರವಾಡ_ಪೇಡ

ಗ್ಯಾಸ್ ಬರಲು ಬಾಟಲಿಗೆ ಸಕ್ಕರೆ ಹಾಕುವ ಲೆಕ್ಕ ಮರೀಬ್ಯಾಡ್ರಿ. ಪೊಟ್ಟಣದ ಮೇಲೆ ಬರೆದಂತೆ 140 ಗ್ರಾಂ ಸುರಿದರೆ ಸೋಡಾ ಥರ ಆಗುತ್ತದೆ. ಬಿಟರಿಗೆ ಲೀಟರಿಗೆ 3 ಗ್ರಾಂ ಸಾಕು. 19 ಲೀಟರಿಗೆ 57 ಗ್ರಾಂ. ತೂಕ ಮಾಡಿ ಹಾಕ್ರಿ, ಚಮಚದ ಅಂದಾಜು ಬೇಡ. ಗೆಳೆಯರ ಮನೆಯಲ್ಲಿ ಚಮಚದ ಲೆಕ್ಕದಲ್ಲಿ ಹಾಕಿ ರಾತ್ರಿ ಎರಡು ಗಂಟೆಗೆ ನಾಲ್ಕು ಬಾಟಲಿ ಸಿಡಿದವು. ಗಾಜಿನ ಚೂರು ಗೋಡೆಗೆ ನಾಟಿತ್ತು. ಮಕ್ಕಳಿರುವ ಮನೆ.

ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೂ ಬಾಟಲಿಗೆ ತುಂಬಬೇಡಿ.

ಒಹಾಯೋ_ಹಾಸನ

ಆರು ವಾರದ ನಂತರ ಬರೆಯುತ್ತಿದ್ದೇನೆ.

ಕ್ಯಾಂಪ್ಡನ್ ಅರ್ಧ ಮಾತ್ರೆ, ಜಿಪ್ಸಮ್ 5 ಗ್ರಾಂ. ವಿಕ್ಟರಿ ಸಿಗಲಿಲ್ಲ, ಮಾಲ್ಟ್ ಮನೆಯಲ್ಲೇ ಹುರಿದು ವಾರ ಬಿಟ್ಟೆ. ಬೆಲ್ಲ ಇಂಡಿಯನ್ ಅಂಗಡಿಯ ಕಡು ಕಂದು ಬಣ್ಣದ್ದು. ಸೋಸಿದಾಗ ಬಟ್ಟೆಯಲ್ಲಿ ಕಬ್ಬಿನ ನಾರು ಉಳಿಯಿತು, ಮಂಡ್ಯದವರು ಹೇಳಿದ್ದು ಸರಿ. ಓಜಿ 1.044 ಸರಿಯಾಗಿ ಬಂತು. ನೆಲಮಾಳಿಗೆ 17 ಡಿಗ್ರಿ ಇತ್ತು, ಒದ್ದೆ ಬಟ್ಟೆ ಬೇಕಾಗಲಿಲ್ಲ. 1.012ಕ್ಕೆ ನಿಂತಿತು. ಶೇ. 4.2.

ನಿನ್ನೆ ಸಂಜೆ ಮೊದಲ ಬಾಟಲಿ ತೆಗೆದೆ. ಫ್ರಿಜ್‌ನಲ್ಲಿಡಲಿಲ್ಲ, ನೆಲಮಾಳಿಗೆಯಿಂದ ತಂದು ಹಾಗೇ ಬಗ್ಗಿಸಿದೆ. ಮುಚ್ಚಳ ತೆಗೆದಾಗ ಸಣ್ಣ ಉಸಿರು ಬಿಟ್ಟ ಸದ್ದು ಅಷ್ಟೇ. ನೊರೆ ಒಂದು ಬೆರಳು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಗೆರೆ ಕಾಣುವಷ್ಟು ತಿಳಿ. ಪ್ಲಾಸ್ಟರ್ ವಾಸನೆ ಇಲ್ಲ. ಹೆಂಡತಿ ಮೂಸಿ ನೋಡಿ "ಇದು ಶೆಫೀಲ್ಡ್ ವಾಸನೆ" ಅಂದಳು. ಅವಳು ಕುಡಿಯುವವಳಲ್ಲ, ಆ ಪಬ್‌ನಲ್ಲಿ ನನ್ನ ಜೊತೆ ಕೂರುತ್ತಿದ್ದಳು ಅಷ್ಟೇ.

ಮಂಡ್ಯ_ಆಲೆಮನೆ

ಬೆಲ್ಲ ಗೊತ್ತಾಯ್ತಾ?

ಒಹಾಯೋ_ಹಾಸನ

ನುಂಗಿದ ಮೇಲೆ ಗೊತ್ತಾಗುತ್ತದೆ ಅಣ್ಣ. ಸಿಹಿ ಅಲ್ಲ. ಆಲೆಮನೆ ಹತ್ತಿರ ಹೋದಾಗ ಬರುವ ಬಿಸಿ ವಾಸನೆ, ತುಂಬಾ ದೂರದಿಂದ.

ಡರ್ಬಿ_ದಾವಣಗೆರೆ

ಎಫ್‌ಜಿ (ಹುದುಗಿದ ಮೇಲಿನ ಸಾಂದ್ರತೆ) 1.012 ಚೆನ್ನಾಗಿದೆ. ಕಹಿ ಸಾಕಾಯಿತಾ?

ಒಹಾಯೋ_ಹಾಸನ

ಸ್ವಲ್ಪ ಸಾಲದು ಅನ್ನಿಸಿತು. ಪೊಟ್ಟಣದಲ್ಲಿ ಆಲ್ಫಾ ಶೇ. 4.4 ಇತ್ತು, ನಾನು ಹೊಂದಿಸಲಿಲ್ಲ.

ಪೋರ್ಟ್‌ಲ್ಯಾಂಡ್_ಗುರು

ಹಾಗಾದರೆ 60 ನಿಮಿಷದ್ದು 40ರ ಬದಲು 45 ಗ್ರಾಂ ಹಾಕಿ.

ಡರ್ಬಿ_ದಾವಣಗೆರೆ

ನನ್ನನ್ನು ಕೇಳಿದರೆ 50. ಮತ್ತೆ ಆ ಬೆಲ್ಲ ಇಲ್ಲಿ ಲೆಸ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಮುಂದಿನ ವಾರ ನಾನೂ ಒಂದು ಬಕೆಟ್ ಹಾಕುತ್ತಿದ್ದೇನೆ. ಮಾಲ್ಟ್ ಮಾರಿಸ್ ಆಟರೇ.